ಹೊಸಬರ ಹವಳದ ತೊಟ್ಟಿ

ಸಾಕುಮೀನಿನ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ಗಾಜಿನ ತೊಟ್ಟಿಯ ಪೆಟ್ಟಿಗೆಯೊಂದನ್ನು ಆಚೀಚೆ ಹಿಡಿದು ನಿಂತಿದ್ದರು.

“ಪಂಪು, ಲೈಟು, ಫಿಲ್ಟರು ಎಲ್ಲಾ ಒಳಗೇ ಇದೆ ಕಣೇ. ಹವಳ ಸಾಕೋ ಹೊಸಬರಿಗಂತಲೇ ಮಾಡಿರೋದು.”

“ದಿನಾ ನೀರು ಆವಿಯಾಗಿ ಇಳಿಯುತ್ತಲ್ಲ, ಅದನ್ನ ತುಂಬೋರು? ಅವರೂ ಒಳಗಿದ್ದಾರಾ?”

“ನೀನು ಮನೇಲೇ ಇರ್ತೀಯಲ್ಲ.”

“ಹೋದ್ಸಲ ನಾನು ಉಪ್ಪುನೀರೇ ತುಂಬಿದೆ. ನೀರು ಹೋದ್ರೂ ಉಪ್ಪು ಉಳಿಯುತ್ತೆ, ಸಿಹಿನೀರು ಹಾಕು ಅಂತ ಬಾಯಿಬಿಟ್ಟು ಹೇಳಿದ್ರಾ? ಹವಳ ಸತ್ತಾಗ ಮಾತ್ರ ನಿಮ್ಮಕ್ಕನ ಮುಂದೆ ನನ್ನನ್ನ ಕೊಲೆಗಾತಿ ಅಂದ್ರಿ.”

“ಈ ಸಲ ಕಲಿಸ್ತೀನಿ ಬಿಡು.”

“ಏನು ಕಲಿಸ್ತೀರಿ? ದುಡಿಯೋದು ನಾನು, ಮೆರೆಯೋದು ನೀವು. ಒಂದಿನ ಆ ನೀರಿಗೆ ಕೈ ಅದ್ದಿದ್ದೀರಾ? ಹೊಸಬರು ನೀವು ಕಣ್ರೀ!”

ಆಕೆ ತನ್ನ ಕಡೆಯ ಹಿಡಿತ ಬಿಟ್ಟು ಬಾಗಿಲಿಗೆ ನಡೆದಳು. ಪೆಟ್ಟಿಗೆ ಆತನ ಕಾಲಿನ ಮೇಲೇ ಕೂತಿತು.