ಇಟ್ಟಿನ ಜಾಗ

೧೯೫೭ರ ಮಾರ್ಚ್. ಗುಂಡ್ಲುಪೇಟೆಯಲ್ಲಿ ಮೈಸೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹಂಗಳದ ತಾಯಿ, ಮಗಳು. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿದ್ದ ಮಗಳು ಮತ್ತೆ ಎಸ್ಸೆಸ್ಸೆಲ್ಸಿ ಬರೆಯಲು ಚಾಮರಾಜನಗರಕ್ಕೆ ಹೊರಟಿದ್ದಳು.

“ಓದ್ಸಲ ಏನ್ ತಪ್ಪು ಮಾಡ್ದೆ?” ತಾಯಿ ಕೇಳಿದಳು.

“‘ಪುಟ್ ಆಫ್ ಇಟ್’ ಅಂತ ಬರ್ದ್‌ಬುಟ್ಟೆ ಕಣವ್ವ. ‘ಪುಟ್ ಇಟ್ ಆಫ್’ ಅನ್ಬೇಕು. ಅದ್ನ ಮುಂದಕ್ಕಾಕಿ ಅಂತ.”

“ಏನ್ನ ಮುಂದಕ್ಕಾಕದು?”

“ಮದ್ವೇನ ಅಂತ್ಲೇ ಇಟ್ಕೊ. ‘ಮ್ಯಾರೇಜ್’ ಅಂತ ಎಸ್ರೇಳುದ್ರೆ ಕೊನೇಲಿ ಬಂದ್ರೂ ಸರಿ. ಎಸ್ರಿನ ಬದ್ಲು ‘ಇಟ್’ ಅಂದ್ರೆ ಮಾತ್ರ ನಡುವೇಲೇ ಇರ್ಬೇಕು.”

“ನಮ್ ರಾಗಿ ಇಟ್ಟೂ ತಟ್ಟೆ ನಡುವೆ ತಾನೆ ಇರದು? ಸುತ್ತ ಸಾರು. ಅಂಗೇ ಗ್ಯಾನ ಮಡಿಕೊ ಕಣಮ್ಮಿ.”

ಮಗಳು ನಕ್ಕಳು. ಆಮೇಲೆ ದನಿ ತಗ್ಗಿಸಿದಳು.

“ಈ ಸಲ ಫೇಲಾದ್ರೆ ಶ್ರಾವಣದಲ್ಲಿ ಮದ್ವೆ ಅಂದ್ನಲ್ಲ ಅಪ್ಪ.”

“ನಿಮ್ಮಪ್ಪ ಅಂದವ್ರೆ. ನಾನಿನ್ನೂ ಊಂ ಅಂದಿಲ್ಲ.”

“ಫೇಲಾದ್ರೆ?”

“ಇನ್ನೊಂದ್ ಸಲ ಕಟ್ಟು.”

“ಅಪ್ಪ ಬುಟ್ಟಾನಾ?”

ಚಾಮರಾಜನಗರದ ಬಸ್ಸು ಬಂತು. ತಾಯಿ ಬುತ್ತಿಯ ಗಂಟು ಎತ್ತಿಕೊಂಡು ಎದ್ದಳು.

“ನಿಮ್ಮಪ್ಪಂಗೂ ನಿಂಗೂ ನಡುವೆ ನಾ ನಿಂತ್ಕತೀನಿ. ನಡಿ, ನೀ ನಿನ್ ಇಟ್ಟು ನೋಡ್ಕೊ.”