ಯಾರೋ ಕೊಂಡ ಹೊಗೆ

ಕತ್ರಿಗುಪ್ಪೆಯ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಮರಿಯಮ್ಮ ಎಂಬ ಮುದುಕಿ ಕೆಮ್ಮುತ್ತ ಕೂತಿದ್ದರು. ಜೊತೆಗೆ ಬಂದಿದ್ದ ನೆರೆಮನೆಯ ಚೈತ್ರ ಅವರ ಬೆನ್ನು ನೀವುತ್ತಿದ್ದಳು.

"ಮತ್ತೆ ಸೌದೆ ಒಲೆನಾ ಅಜ್ಜಿ? ಕಂಪನಿಯೋರು ಹೊಗೆ ಬರದ ಒಲೆ ಕೊಟ್ಟಿದ್ರಲ್ಲ."

"ಅದು ಯುಗಾದಿಗೇ ಕೆಟ್ಟೋಯ್ತು. ರಿಪೇರಿಗೆ ಯಾರೂ ಬರ್ಲಿಲ್ಲ."

"ನೀವು ಬಿಡದೆ ಉಳಿಸಿದ ಹೊಗೇನ ಆ ಕಂಪನಿಯೋರು ಕಾರ್ಬನ್ ಕ್ರೆಡಿಟ್ ಅಂತ ಫಾರಿನ್ ಫ್ಯಾಕ್ಟರಿಗೆ ಮಾರ್ಕೊಂಡಿದಾರಂತೆ."

"ಹೊಗೆ ಕೊಂಡು ಅವ್ರೇನ್ ಮಾಡ್ತಾರಮ್ಮ?"

"ನೀವು ಉಳಿಸಿದಷ್ಟು ಹೊಗೇನ ಆ ಫ್ಯಾಕ್ಟರಿಯೋರು ಬಿಡಬಹುದಂತೆ."

ಮರಿಯಮ್ಮ ಮತ್ತೆ ಕೆಮ್ಮಿದರು.

"ನಾನೂ ಬಿಡ್ತಾನೇ ಇದೀನಲ್ಲ."

"ಕಂಪನಿ ಲೆಕ್ಕದಲ್ಲಿ ಅವ್ರು ಕೊಟ್ಟ ಒಲೆ ಇನ್ನೂ ಚೆನ್ನಾಗೇ ಉರೀತಿದೆ ಅಜ್ಜಿ."

ನರ್ಸ್ ಅವರ ಹೆಸರು ಕೂಗಿದಳು. ಮರಿಯಮ್ಮ ಚೈತ್ರಳ ಹೆಗಲು ಹಿಡಿದು ಎದ್ದರು.

"ಡಾಕ್ಟ್ರ ಹತ್ರ ಸೌದೆ ವಿಷ್ಯ ಎತ್ಬೇಡ ಕಣಮ್ಮ. ಹೋದ್ಸಲಾನೂ ನಂಗೇ ಬೈದ್ರು."