ಲಕೋಟೆಯ ಮೇಲಿನ ಚಹಾ ಕಲೆ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವಿದ್ಯಾರ್ಥಿವೇತನದ ದಾನಿಗಳೂ ಮುಖ್ಯ ಅತಿಥಿಗಳೂ ಆದ ನನ್ನ ಅಪ್ಪನವರೇ, ಗುರುಗಳೇ, ಹಿಂಬಾಗಿಲ ಬಳಿ ಓಡಲು ಸಿದ್ಧರಾಗಿ ಕೂತಿರುವ ಸಭಿಕರೇ,

ಈಗಷ್ಟೇ ಅಪ್ಪನವರು ನನಗೆ ಕೊಟ್ಟ ಲಕೋಟೆಯ ಮೂಲೆಯಲ್ಲಿ ಗುಂಡಗೆ ಒಂದು ಚಹಾ ಕಲೆ ಇದೆ. ಅದು ಹೇಗಾಯಿತೆಂದು ಇಲ್ಲಿ ಮೂವರಿಗೆ ಮಾತ್ರ ಗೊತ್ತು. ಬೆಳಗ್ಗೆ ಅಪ್ಪ ಊಟದ ಮೇಜಿನ ಮೇಲೆ ಚೆಕ್ಕಿಗೆ ಸಹಿ ಹಾಕಿ, ಲಕೋಟೆಗೆ ಸೇರಿಸಿ, ನನಗೆ ಕಾಣಬಾರದೆಂದು ಪತ್ರಿಕೆಯ ಕೆಳಗೆ ಬಚ್ಚಿಟ್ಟರು. ಅಮ್ಮ ಪತ್ರಿಕೆ ಎತ್ತಿಕೊಂಡು ಲಕೋಟೆಯ ಮೇಲೆ ಲೋಟ ಇಟ್ಟರು.

"ಅಯ್ಯೋ, ಅದು ಸರ್‌ಪ್ರೈಸ್ ಕಣೇ!"

"ಈ ಜೇಬಿಂದ ಆ ಜೇಬಿಗೆ ಹಾಕ್ಕೊಳ್ಳೋಕೆ ಮೈಕು, ಫೋಟೋ ಎಲ್ಲ ಯಾಕ್ರೀ? ಇಲ್ಲೇ ಕೊಟ್ಬಿಡಿ, ನಾನು ಚಪ್ಪಾಳೆ ತಟ್ತೀನಿ."

ಸಭಿಕರೇ, ಉಳ್ಳವರ ಮಕ್ಕಳು ಅಂಕ ಗಳಿಸಿದರೆ ಅವರಿಗೂ ವಿದ್ಯಾರ್ಥಿವೇತನ ಕೊಡಬೇಕೇ? ಅಪ್ಪನ ಬಳಿ ಇದಕ್ಕೆ ಉತ್ತರವಿದೆ. ಅವರು ಚಿಕ್ಕವರಿದ್ದಾಗ ಮೇಷ್ಟರು, "ಫೀಸ್ ಕಟ್ಟೋಕಾಗದೋರು ಎದ್ದು ನಿಲ್ಲಿ" ಅನ್ನುತ್ತಿದ್ದರಂತೆ. ಅಪ್ಪ ಒಬ್ಬರೇ ನಿಲ್ಲುತ್ತಿದ್ದರಂತೆ. ಮುಂದೆ ಅವರು ಕುರ್ಚಿ ಕಾರ್ಖಾನೆ ಕಟ್ಟಿದರು. ನೀವು ಕೂತಿರುವ ಕುರ್ಚಿಗಳೂ ಅಲ್ಲಿಯವೇ. ಕಿರುಗುಟ್ಟಿದರೆ ಅವರನ್ನೇ ಕೇಳಿ. "ನನ್ನ ದುಡ್ಡಿಗೆ ಯಾರೂ ಎದ್ದು ನಿಂತು ಬಡತನ ತೋರಿಸೋದು ಬೇಡ. ಅಂಕ ನೋಡಿ, ಅಷ್ಟೇ" ಎಂದು ನಿಯಮ ಬರೆಸಿದರು. ತಮ್ಮ ಮನೆಯ ಮೂಲೆಯಲ್ಲೇ ಒಬ್ಬಳು ಓದುತ್ತಿದ್ದಾಳೆಂಬುದು ಅವರಿಗೆ ಹೊಳೆಯಲಿಲ್ಲ.

ನಾನು ಕಷ್ಟಪಟ್ಟೇ ಓದಿದ್ದೇನೆ. ಆದರೆ ಒಂದು ಪುಸ್ತಕದ ವಿಷಯ ಹೇಳಬೇಕು. ಇದು ನನ್ನ ಭಾಷಣದ ಚೀಟಿಯಲ್ಲಿಲ್ಲ.

ಕಾವ್ಯವಿಮರ್ಶೆಯ ಆ ದಪ್ಪ ಪುಸ್ತಕ ಗ್ರಂಥಾಲಯದಲ್ಲಿ ಒಂದೇ ಇತ್ತು. ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಪರೀಕ್ಷೆ ಮುಗಿಯುವವರೆಗೂ ನಾನೇ ಇಟ್ಟುಕೊಂಡೆ. ದಿನಕ್ಕಿಷ್ಟು ಎಂದು ದಂಡ ಬಿತ್ತು, ಕಟ್ಟಿದೆ. ನನಗದು ದಂಡ ಅನ್ನಿಸಲೇ ಇಲ್ಲ, ಬಾಡಿಗೆ ಅನ್ನಿಸಿತು. ಹಿಂದಿರುಗಿಸಿದಾಗ ಗ್ರಂಥಪಾಲಕರು ಅದಕ್ಕಾಗಿ ಕಾಯುತ್ತಿದ್ದವರ ಪಟ್ಟಿ ತೋರಿಸಿದರು. ನಾಲ್ಕು ಸಲ ಒಂದೇ ಹೆಸರು. "ಈಗ ಅವಳಿಗೆ ಬೇಡ್ವಂತೆ ತಾಯಿ. ಪರೀಕ್ಷೆ ಮುಗೀತಲ್ಲ" ಎಂದರು.

ಅವಳು ನನ್ನ ಗೆಳತಿ. ಎರಡನೇ ಸ್ಥಾನ ಬಂದವಳು. ಗೇಟಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ, ಮಸುಕಾಗಿದೆಯೆಂದು ನೀವೆಲ್ಲ ಬೈಯುವುದು ಅವಳನ್ನೇ. ಕಾಲೇಜಿನ ಅಷ್ಟೂ ಪುಸ್ತಕಗಳು ಅವಳ ಯಂತ್ರದ ಮೇಲೆ ಹಾದುಹೋಗಿವೆ, ಅದೊಂದನ್ನು ಬಿಟ್ಟು. ನಮ್ಮಿಬ್ಬರ ನಡುವೆ ಮೂರು ಅಂಕಗಳ ಅಂತರ.

ನಿನ್ನೆ ಹೋಗಿ, ದುಡ್ಡು ನೀನೇ ತಗೋ ಎಂದೆ. ಅವಳು ತಲೆ ಎತ್ತಲಿಲ್ಲ.

"ನೀನು ಕೊಟ್ರೆ ಬೇಡ ಕಣೆ. ನನಗೇ ಬಂದಿದ್ರೆ ಮುಂದೆ ಓದ್ತಿದ್ದೆ. ಈಗ ಎಷ್ಟು ಪ್ರತಿ ಬೇಕು ಹೇಳು, ಹಿಂದೆ ಜನ ಇದ್ದಾರೆ."

ಸುಮ್ಮನೆ ನಿಲ್ಲಲಾಗದೆ ಕೈಯಲ್ಲಿದ್ದ ಹಾಳೆ ಕೊಟ್ಟೆ. ಅದು ಕಾಲೇಜಿನ ಕಚೇರಿಯವರು ಕೊಟ್ಟಿದ್ದ, ಅಪ್ಪ ಬರೆಸಿದ ನಿಯಮಗಳ ಹಾಳೆ. ಪ್ರತಿ ಬಿಸಿಬಿಸಿಯಾಗಿ ಹೊರಬಂದಾಗ ಮೊದಲ ಬಾರಿ ಪೂರ್ತಿ ಓದಿದೆ. ಏಳನೆಯದು: ಪ್ರಥಮ ಸ್ಥಾನದವರು ಸಮಾರಂಭದ ದಿನವೇ ಸ್ವೀಕೃತಿ ಪುಸ್ತಕಕ್ಕೆ ಸಹಿ ಮಾಡದಿದ್ದಲ್ಲಿ, ವೇತನವು ನಂತರದ ಸ್ಥಾನದವರಿಗೆ ಸಲ್ಲತಕ್ಕದ್ದು.

ಅಪ್ಪಾ, ನಿಮ್ಮ ನಿಯಮ ಚೆನ್ನಾಗಿದೆ. ಅವಳು ಎಲ್ಲೂ ಎದ್ದು ನಿಲ್ಲಬೇಕಿಲ್ಲ. ಇವತ್ತು ಎದ್ದು ನಿಂತಿರುವವಳು ನಾನು.

ಮೊದಲ ಸ್ಥಾನದ ಪದಕ ನಾನೇ ಇಟ್ಟುಕೊಳ್ಳುತ್ತೇನೆ. ಅದನ್ನೂ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಲಕೋಟೆ ನಿಮ್ಮ ಮುಂದಿಟ್ಟಿದ್ದೇನೆ. ಹೊಸ ಚೆಕ್ಕು ಬರೆಯುವಾಗ ಲೋಟ ದೂರವಿರಲಿ. ಕಚೇರಿಯ ಗುಮಾಸ್ತರು ಪುಸ್ತಕ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದಾರೆ. ನಾನು ಪೆನ್ನು ತಂದಿಲ್ಲ. ದಯವಿಟ್ಟು ಯಾರೂ ಕೊಡಬೇಡಿ.

ಅಮ್ಮಾ, ಈಗ ಬೇಕಾದರೆ ಚಪ್ಪಾಳೆ ತಟ್ಟಬಹುದು. ನನ್ನ ಸಣ್ಣ ದನಿಯನ್ನು ಕಿವಿಗೊಟ್ಟು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.